ಹುಟ್ಟಿದಾಗಿನಿಂದಲೇ ಮಗ

ನಲ್ಲಿ ಸಾಹುಕಾರನ ಅಂಗಡಿಯಲ್ಲಿ ನೂರಾರು ನಲ್ಲಿಗಳಿದ್ದವು. ಹಿತ್ತಾಳೆಯವು, ಸ್ಟೀಲಿನವು, ಕೈಯೊಡ್ಡಿದರೆ ತಾವೇ ತೆರೆದುಕೊಳ್ಳುವಂಥವು. ಗೋಡೆಯುದ್ದಕ್ಕೂ ಮೂತಿ ತಗ್ಗಿಸಿ ನಿಂತಿದ್ದ ಅವುಗಳಲ್ಲಿ ಒಂದರಿಂದಲೂ ತೊಟ್ಟು ನೀರು ಬರುತ್ತಿರಲಿಲ್ಲ. ಯಜಮಾನನ ಗುಣವೂ ಹೆಚ್ಚುಕಡಿಮೆ ಅದೇ ಎಂಬುದು ಅವನ ಜೊತೆ ಸಂಸಾರ ಮಾಡಿ ಹೊರಬಂದ ಕನ್ನಡಕದಕ್ಕನಿಗೆ ತಿಳಿದಷ್ಟು ಚೆನ್ನಾಗಿ ಇನ್ಯಾರಿಗೂ ತಿಳಿದಿರಲಿಲ್ಲ.

ಬೀದಿ ತಿರುವಿನ ಕನ್ನಡಕದಂಗಡಿಯಲ್ಲಿ ಫ್ರೇಮಿಗೆ ಗಾಜು ಕೂರಿಸಿ, ಕಾಲು ಬಗ್ಗಿಸಿ, ಗಿರಾಕಿಯ ಮೂಗಿನ ಮೇಲೆ ಸರಿಯಾಗಿ ಇಡುವುದು ಅವಳ ಕೆಲಸ. ಸುತ್ತಲಿನವರು ಇಟ್ಟ ಹೆಸರೇ ಕನ್ನಡಕದಕ್ಕ. ಸಾಹುಕಾರ, ಟೈಲ್ಸ್ ಏಜೆನ್ಸಿಯ ಹೆಂಗಸೊಬ್ಬಳ ಬೆನ್ನು ಹತ್ತಿ ಹೋದಾಗ ಕೌಟುಂಬಿಕ ನ್ಯಾಯಾಲಯ ಇಬ್ಬರನ್ನೂ ಬಿಡಿಸಿ ಒಂದು ಆದೇಶ ಕೊಟ್ಟಿತ್ತು. ಮಗಳಿಗೆ ಮದುವೆಯಾಗುವವರೆಗೂ ತಂದೆ ತಿಂಗಳು ತಿಂಗಳು ಜೀವನಾಂಶ ಕೊಡಬೇಕು. ಮಗುವಿಗೆ ಚಿಕ್ಕಂದಿನಲ್ಲಿ ಶುರುವಾದ ತೊಂದರೆ ಏನಿದ್ದರೂ, ಅದು ವಾಸಿಯಾಗುವ ತನಕ ಚಿಕಿತ್ಸೆಯ ಅರ್ಧ ಖರ್ಚು ಅವನದು. ಮಗುವಿಗೆ ಆಗ ಉಬ್ಬಸವಿದ್ದುದರಿಂದ ಆ ಮಾತು ಸೇರಿತ್ತು. ಮುಂದೆ ಉಬ್ಬಸ ಹೋಯಿತು, ಮಾತು ಉಳಿಯಿತು.

ತಿಂಗಳ ಹಣ ಕೊಡುವ ದಿನ ಬಂದರೆ ಸಾಹುಕಾರನಿಗೆ ಹಲ್ಲು ಕೀಳಿಸಿಕೊಂಡಷ್ಟು ಸಂಕಟ. ಹಾಗಾಗಿ ಮಗಳಿಗೆ ಹದಿನೆಂಟು ತುಂಬಿದ್ದೇ ತಡ, ಗಂಡು ಹುಡುಕಲು ಹೊರಟ. ಪೈಪಿನ ಏಜೆಂಟನ ತಮ್ಮನನ್ನು ನೋಡಿದ. ಸಿಂಕು ಮಾರುವವನ ಮಗನನ್ನು ನೋಡಿದ. "ತಂದೆ ಅಂದ್ಮೇಲೆ ಮಗಳ ಸುಖ ನೋಡ್ಬೇಕಲ್ವಾ" ಎಂದು ಸಿಕ್ಕಸಿಕ್ಕವರ ಮುಂದೆ ಕಣ್ಣೊರೆಸಿಕೊಂಡ. ಯಾರಾದರೂ ಕೈಹಿಡಿದು ಕರೆದುಕೊಂಡು ಹೋದರೆ ತಿಂಗಳ ಹಣ ತಪ್ಪುತ್ತದೆ ಎನ್ನುವ ಸುಖ ಅದು.

ಆದರೆ ಆ ಮಗಳು ಮಗಳೇ ಆಗಿರಲಿಲ್ಲ. ಕನ್ನಡಕದಕ್ಕನಿಗೆ ಅದು ತಿಳಿದದ್ದು ಒಂದು ಭಾನುವಾರ, ಒಗೆದ ಬಟ್ಟೆ ಮಡಚುತ್ತಿದ್ದಾಗ.

"ಅಮ್ಮಾ, ನಾನು ಹುಡುಗಿ ಅಲ್ಲ. ಯಾವತ್ತೂ ಆಗಿರ್ಲಿಲ್ಲ. ನನ್ನ ಇನ್ಮೇಲೆ ಪುಟ್ಟಿ ಅನ್ಬೇಡ, ಪುಟ್ಟ ಅನ್ನು."

ಇಂಥ ಹೊತ್ತಿನಲ್ಲಿ ತಾಯಂದಿರು ಮಗುವನ್ನು ಬಾಚಿ ತಬ್ಬಿಕೊಳ್ಳುತ್ತಾರೆ ಎಂದು ಅವಳೂ ಕೇಳಿದ್ದಳು. ಅವಳ ಬಾಯಿಂದ ಬಂದದ್ದು ಮಾತ್ರ, "ಹಾಗಾದ್ರೆ ಈ ಫ್ರಾಕು ಯಾರಿಗೆ ಅಂತ ಮಡಚ್ತಿದೀನಿ ನಾನು?"

"ಬೇಕಿದ್ರೆ ನೀನೇ ಹಾಕ್ಕೋ."

ಅವಳು ಬಚ್ಚಲಿಗೆ ಹೋಗಿ ನಲ್ಲಿ ಜೋರಾಗಿ ಬಿಟ್ಟುಕೊಂಡು ಅತ್ತಳು. ಹೊರಗೆ ಬಂದು, "ಹಸಿವಾಯ್ತೇನೇ?" ಅಂದಳು. ನಾಲಿಗೆ ಕಚ್ಚಿಕೊಂಡು, "ಏನೋ?" ಎಂದು ತಿದ್ದಿಕೊಂಡಳು. ಅಂದಿನಿಂದ ಎಷ್ಟೋ ದಿನ ಮನೆಯಲ್ಲಿ ಬಾರೇ, ಬಾರೋ, ತಿನ್ನೇ, ತಿನ್ನೋ ಎಂದು ಪ್ರತಿ ಮಾತೂ ಎರಡೆರಡು ಸಲ ಕೇಳಿಸುತ್ತಿತ್ತು. ಕೆಳಗಿನ ಮನೆಯವರು ಇವರಲ್ಲಿ ಯಾರೋ ನೆಂಟರು ಬಂದು ಉಳಿದಿದ್ದಾರೆ ಎಂದುಕೊಂಡಿದ್ದರು.

ಪುಟ್ಟ ಲಿಫ್ಟ್ ರಿಪೇರಿ ಕೆಲಸ ಕಲಿತು ಒಂದು ಕಂಪನಿಗೆ ಸೇರಿದ. ಡಾಕ್ಟರು ಕೊಟ್ಟ ಇಂಜೆಕ್ಷನ್‌ಗಳಿಂದ ದನಿ ಒಡೆಯಿತು, ಮೀಸೆ ಚಿಗುರಿತು. ಬೇರೆಯವರ ಬಾಯಿಂದ ಕೇಳುವ ಬದಲು ನಿನ್ನ ಬಾಯಿಂದಲೇ ತಿಳಿಯಲಿ ಎಂದು ಅಮ್ಮ ಹೇಳಿದ ಮೇಲೆ ಅವನು ಅಪ್ಪನ ಅಂಗಡಿಗೆ ಹೋದ. ಜೊತೆಗೆ ಅವಳೂ ಹೋದಳು.

ಸಾಹುಕಾರ ಗಂಡಹೆಂಡಿರ ಜೋಡಿಯೊಂದಕ್ಕೆ ಕಮೋಡು ತೋರಿಸುತ್ತಿದ್ದ. ಗಂಡ ಅದರ ಮೇಲೆ ಕೂತು ಅನುಕೂಲ ನೋಡುತ್ತಿದ್ದ. ಪುಟ್ಟ ಎರಡು ಮಾತಿನಲ್ಲಿ ವಿಷಯ ಹೇಳಿದ. ಸಾಹುಕಾರನ ಕಿರುಚಾಟಕ್ಕೆ ಕಮೋಡಿನ ಮೇಲಿದ್ದವನು ತಾನೇನೋ ತಪ್ಪು ಮಾಡಿದೆನೆಂದು ಎದ್ದು ನಿಂತ.

"ನಂಗೆ ಹುಟ್ಟಿದ್ದು ಮಗಳು! ನಾನು ಸಾಯೋವರೆಗೂ ಮಗಳೇ! ಈ ವೇಷ ಹಾಕ್ಕೊಂಡು ನನ್ನ ಅಂಗಡಿ ಮೆಟ್ಲು ಹತ್ಬೇಡ!"

ಗಲ್ಲಾಪೆಟ್ಟಿಗೆ ಕಾಯುತ್ತಿದ್ದವಳು ಅವನ ಅಕ್ಕ, ಪುಟ್ಟನ ದೊಡ್ಡತ್ತೆ. ಅವಳು ಅಲ್ಲಿಂದಲೇ ಎದೆ ಬಡಿದುಕೊಂಡಳು. "ಅಯ್ಯೋ, ಎಷ್ಟು ಲಕ್ಷಣವಾದ ಹುಡುಗಿ! ಚಿಕ್ಕಂದಿನಿಂದ ಗೊಂಬೆ ಥರಾ ಇದ್ಲು. ಇವಳಮ್ಮನೇ ಏನೋ ತಲೆಗೆ ತುಂಬಿರ್ಬೇಕು!"

ಅಮ್ಮ, ಮಗ ಬಸ್ಸಿನಲ್ಲಿ ವಾಪಸು ಬಂದರು.

ಇನ್ನು ಉಳಿದದ್ದು ಎದೆಯ ಶಸ್ತ್ರಚಿಕಿತ್ಸೆ. ಅದರ ಖರ್ಚನ್ನು ಡಾಕ್ಟರು ಹೇಳಿದಾಗ ಕನ್ನಡಕದಕ್ಕ ಕೂರಲು ಕುರ್ಚಿಗೆ ತಡಕಾಡಿದಳು. ಆಮೇಲೆ ನೋಡಿದರೆ ಆಗಲೇ ಕುರ್ಚಿಯ ಮೇಲೆ ಕೂತಿದ್ದಳು. ವಿಮಾ ಕಂಪನಿಯವರನ್ನು ಕೇಳಿದರೆ ಇದು ಸೌಂದರ್ಯಕ್ಕೆ ಮಾಡಿಸಿಕೊಳ್ಳುವ ಚಿಕಿತ್ಸೆ, ನಮ್ಮಲ್ಲಿ ಬರುವುದಿಲ್ಲ ಎಂದರು. ಫೋನಿನಲ್ಲಿದ್ದ ಹುಡುಗಿ, ಬೇರೇನಾದರೂ ಸಹಾಯ ಬೇಕೇ ಎಂದೂ ಕೇಳಿದಳು. ಹೇಗೋ ತಳ್ಳಿಕೊಂಡು ಹೋಗೋಣ ಅನ್ನುವಷ್ಟರಲ್ಲಿ ಬೇಸಿಗೆ ಬಂತು. ಎದೆ ಕಾಣದಂತೆ ಉಸಿರುಗಟ್ಟುವ ಹಾಗೆ ಬಟ್ಟೆ ಬಿಗಿದುಕೊಂಡು, ಅದರ ಮೇಲೆ ಕಂಪನಿಯ ದಪ್ಪ ಅಂಗಿ ತೊಟ್ಟು ಕೆಲಸ ಮಾಡುತ್ತಿದ್ದ ಪುಟ್ಟ, ಒಂದು ಮಧ್ಯಾಹ್ನ ಲಿಫ್ಟಿನ ನೆತ್ತಿಯ ಮೇಲೆಯೇ ತಲೆಸುತ್ತಿ ಬಿದ್ದ. ಜೊತೆಗಿದ್ದವನು ಕಾಲರ್ ಹಿಡಿದುಕೊಂಡದ್ದರಿಂದ ಉಳಿದ.

ಮರುದಿನ ಅವಳು ವಕೀಲರ ಮೆಟ್ಟಿಲು ಹತ್ತಿದಳು. ಜೆರಾಕ್ಸ್ ಅಂಗಡಿಯ ಮೇಲಿನ ಕೋಣೆಯಲ್ಲಿದ್ದ ಆ ವಕೀಲರಿಗೆ ಕೋರ್ಟಿನಲ್ಲೆಲ್ಲ ಕೆಮ್ಮಿನ ವಕೀಲರೆಂದೇ ಹೆಸರು. ಅವರ ವಾದಕ್ಕಿಂತ ಕೆಮ್ಮು ಗಟ್ಟಿ. ಫೀಸು ಕಡಿಮೆಯೆಂಬುದೊಂದೇ ಅವರನ್ನು ಹುಡುಕಿಕೊಂಡು ಹೋಗಲು ಕಾರಣ. ಅರ್ಧ ಖರ್ಚು ತಂದೆ ಕೊಡಲಿ ಎಂದು ಅವರು ಅರ್ಜಿ ಹಾಕಿದರು.

ಸಾಹುಕಾರ ಹಿಡಿದದ್ದು ದುಬಾರಿ ವಕೀಲನನ್ನು. ಕೋಟಿನಿಂದ ಹಿಡಿದು ನಗುವಿನವರೆಗೆ ಎಲ್ಲವನ್ನೂ ಇಸ್ತ್ರಿ ಮಾಡಿಸಿಕೊಂಡಂತಿದ್ದ ಮನುಷ್ಯ. ಅವರಿಬ್ಬರ ನಡುವೆ ಏನು ಮಾತಾಯಿತೋ ಕನ್ನಡಕದಕ್ಕ ಕಂಡವಳಲ್ಲ. ಆದರೆ ಮೊದಲ ವಿಚಾರಣೆಯ ದಿನ ಕಂಡದ್ದನ್ನು ಅವಳು ಕೊನೆಯುಸಿರಿನವರೆಗೂ ಮರೆಯುವಂತಿರಲಿಲ್ಲ.

ಕೋರ್ಟಿನ ಮೊಗಸಾಲೆಯಲ್ಲಿ ಬೆಂಚಿನ ಈ ತುದಿಗೆ ಹೆಂಡಂದಿರು, ಆ ತುದಿಗೆ ಗಂಡಂದಿರು ಕೂತಿದ್ದರು. ಮಕ್ಕಳಿಗೆಂದು ಇಟ್ಟ ಮರದ ಕುದುರೆಗೆ ಮೂರೇ ಕಾಲಿದ್ದವು. ಜವಾನ ಬಾಗಿಲಿಗೆ ಬಂದು ಪುಟ್ಟನ ಹಳೆಯ ಹೆಸರನ್ನು ಕೂಗಿದ. ಗಡ್ಡದ ಯುವಕನೊಬ್ಬ ಎದ್ದು ನಿಂತ. ಜವಾನ ಅವನ ಬೆನ್ನ ಹಿಂದೆ ಇಣುಕಿ, "ನೀವು ಪಕ್ಕಕ್ಕೆ ಸರೀರಿ, ಅವರೆಲ್ಲಿ?" ಅಂದ. "ಅದು ನಾನೇ" ಅಂದ ಪುಟ್ಟ. ಇಡೀ ಬೆಂಚು ತನ್ನ ತನ್ನ ಜಗಳ ಮರೆತು ಇವನ ಕಡೆ ತಿರುಗಿತು.

ಆಗ ಮೆಟ್ಟಿಲು ಹತ್ತಿ ಬಂದ ಸಾಹುಕಾರನ ಕೈಯಲ್ಲಿ ಶರ್ಟಿನ ಪೊಟ್ಟಣವಿತ್ತು. ಎಲ್ಲರಿಗೂ ಕೇಳಿಸುವಂತೆ, "ಬಾರೋ ಮಗನೇ!" ಎಂದು ಎರಡೂ ತೋಳು ಚಾಚಿದ.

ಕನ್ನಡಕದಕ್ಕನಿಗೆ ತನ್ನ ಕಿವಿಯ ಮೇಲೇ ಅನುಮಾನ ಬಂತು. ಮಗನನ್ನು ನೋಡಿದಳು. ಪುಟ್ಟ ಕಲ್ಲಾಗಿದ್ದ. ಅವನ ಮುಖದಲ್ಲಿ ಒಂದೇ ಒಂದು ಗಳಿಗೆ ಏನೋ ಮಿಂಚಿತು. ಅಪ್ಪನ ಬಾಯಿಂದ ಆ 'ಬಾರೋ' ಕೇಳಬೇಕೆಂದು ಅವನು ಎಷ್ಟು ವರ್ಷ ಕಾದಿದ್ದನೋ ಆಗ ಅವಳಿಗೆ ತಿಳಿಯಿತು. ಮುಂದೆ ನಡೆದದ್ದಕ್ಕೆಲ್ಲ ಅವಳು ಗಂಡನನ್ನು ಕ್ಷಮಿಸಿದರೂ ಕ್ಷಮಿಸಿಯಾಳು, ಆ ಒಂದು ಗಳಿಗೆಗೆ ಮಾತ್ರ ಇಲ್ಲ.

ಒಳಗೆ ಹೋದ ಮೇಲೆ ಗುಟ್ಟು ಬಯಲಾಯಿತು. ಇಸ್ತ್ರಿ ವಕೀಲ ಎದ್ದು, "ಮೇಡಂ, ನನ್ನ ಕಕ್ಷಿದಾರರು ತಮ್ಮ ಮಗನನ್ನು ಮನಸಾರೆ ಒಪ್ಪಿಕೊಂಡಿದ್ದಾರೆ. ಇಂಥ ವಿಶಾಲ ಹೃದಯದ ತಂದೆ ಸಿಗುವುದು ಅಪರೂಪ" ಎಂದ. ಸಾಹುಕಾರ ಕರವಸ್ತ್ರ ತೆಗೆದ. "ಆದರೆ ಹಳೆಯ ಆದೇಶ ಇರುವುದು ಅವಿವಾಹಿತ ಮಗಳಿಗೆ. ನನ್ನ ಕಕ್ಷಿದಾರರಿಗೆ ಮಗಳೇ ಇಲ್ಲ. ಇರುವವನು ವಯಸ್ಸಿಗೆ ಬಂದ, ದುಡಿಯುವ ಮಗ. ಆದ್ದರಿಂದ ಆಪರೇಷನ್ ಖರ್ಚಿರಲಿ, ತಿಂಗಳ ಜೀವನಾಂಶವನ್ನೂ ನಿಲ್ಲಿಸಬೇಕೆಂದು ಕೋರುತ್ತೇವೆ."

ವಿಶಾಲ ಹೃದಯದ ವಿಸ್ತಾರ ಎಷ್ಟೆಂದು ಎಲ್ಲರಿಗೂ ಗೊತ್ತಾಯಿತು. ಜಡ್ಜ್ ಮೇಡಂ ಪುಟ್ಟನನ್ನು ನೋಡಿದರು, ಕಾಗದ ನೋಡಿದರು, 'ಅವನು' ಎನ್ನಲೂ ಅಂಜಿ 'ಅವಳು' ಎನ್ನಲೂ ಅಂಜಿ, "ಅವರು... ಅವರ ವಿಷಯದಲ್ಲಿ ಮುಂದಿನ ಬಾರಿ ಸಾಕ್ಷಿ ಕೇಳೋಣ" ಎಂದು ಬಹುವಚನದೊಳಗೆ ನುಸುಳಿಕೊಂಡರು.

ಅಂದು ಸಂಜೆ ಕೆಮ್ಮಿನ ವಕೀಲರು ಬೆವರುತ್ತ ಹೇಳಿದರು. "ಅಮ್ಮಾ, ದಾರಿ ಒಂದೇ. ನೀವು ಕಟಕಟೆ ಹತ್ತಿ 'ಇವಳು ನನ್ನ ಮಗಳು' ಅಂದ್ಬಿಡಿ. ಸರ್ಕಾರಿ ಕಾಗದದಲ್ಲಿ ಇನ್ನೂ ಹಾಗೇ ಇದೆ. ಅಷ್ಟಂದ್ರೆ ತಿಂಗಳ ದುಡ್ಡು ಉಳಿಯುತ್ತೆ. ಅದನ್ನೇ ಕೂಡಿಟ್ಟು ಆಪರೇಷನ್ ಮಾಡಿಸ್ಕೊಳ್ಳಿ."

"ಅವನನ್ನ ಗಂಡಸು ಮಾಡ್ಸೋಕೆ ಅವನನ್ನೇ ಹೆಂಗಸು ಅನ್ಬೇಕಾ ನಾನು?"

"ಕಾನೂನು ಅಂದ್ರೆ ಹಂಗೇ ಅಮ್ಮಾ" ಎಂದು ಅವರು ಕೆಮ್ಮಿದರು.

ಮನೆಯಲ್ಲಿ ಅವಳು ಈ ಮಾತನ್ನು ಹೇಗೆ ಎತ್ತಲೆಂದು ಒದ್ದಾಡಿದಳು. ಪುಟ್ಟನೇ ಕನ್ನಡಿಯ ಮುಂದೆ ಗಡ್ಡ ಒಪ್ಪ ಮಾಡಿಕೊಳ್ಳುತ್ತ, "ವಕೀಲರು ನಂಗೂ ಫೋನ್ ಮಾಡಿದ್ರು. ಹೇಳ್ಬಿಡಮ್ಮಾ. ಅಷ್ಟು ವರ್ಷ ಹೇಳಿದ್ದೆ, ಇನ್ನೊಂದ್ಸಲ ಹೇಳಿದ್ರೆ ನಿನ್ನ ನಾಲಿಗೆ ಸವೆಯುತ್ತಾ?" ಅಂದ.

"ನಿಂಗೇನೂ ಅನ್ಸಲ್ವಾ?"

"ದುಡ್ಡಿಗೋಸ್ಕರ ಅಪ್ಪ ಮಗ ಅಂದ. ದುಡ್ಡಿಗೋಸ್ಕರ ನೀನು ಮಗಳು ಅನ್ನು. ಲೆಕ್ಕ ಚುಕ್ತಾ." ನಗುತ್ತಲೇ ಹೇಳಿದ. ಆದರೆ ಅವನ ಗಲ್ಲದ ಮೇಲೆ ಬ್ಲೇಡು ತಾಗಿ ರಕ್ತ ಬಂದಿತ್ತು, ಅದು ಅವನಿಗೆ ಗೊತ್ತಾದಂತಿರಲಿಲ್ಲ.

ಅವಳು ಅಭ್ಯಾಸ ಮಾಡಿದಳು. ಗಾಜು ಒರೆಸುತ್ತ, ಬಸ್ಸಿನಲ್ಲಿ ಕಂಬಿ ಹಿಡಿದು ನಿಂತಾಗ, ಮನಸ್ಸಿನಲ್ಲೇ 'ನನ್ನ ಮಗಳು, ನನ್ನ ಮಗಳು' ಎಂದುಕೊಂಡಳು. ಒಂದು ಕಾಲಕ್ಕೆ 'ಮಗ' ಅನ್ನಲು ಪಟ್ಟಷ್ಟೇ ಪಾಡು ಈಗ 'ಮಗಳು' ಅನ್ನಲು.

ಎರಡನೆಯ ವಿಚಾರಣೆಗೆ ಸಾಹುಕಾರ ಅಕ್ಕನನ್ನು ಸಾಕ್ಷಿಯಾಗಿ ಕರೆತಂದಿದ್ದ. ಮನೆಮಂದಿಯೆಲ್ಲ ಹುಡುಗನನ್ನು ಒಪ್ಪಿದ್ದಾರೆ ಎಂದು ತೋರಿಸಲು ಇಸ್ತ್ರಿ ವಕೀಲನ ಏರ್ಪಾಡು. ದೊಡ್ಡತ್ತೆಗೆ ಅಷ್ಟು ಜನ ಒಟ್ಟಿಗೆ ಬಾಯಿ ಮುಚ್ಚಿಕೊಂಡು ತನ್ನ ಮಾತು ಕೇಳುವ ಭಾಗ್ಯ ಅದುವರೆಗೆ ಸಿಕ್ಕಿರಲಿಲ್ಲ.

"ಇವರನ್ನು ನಿಮ್ಮ ತಮ್ಮನ ಮಗನೆಂದು ನೀವು ಒಪ್ಪುತ್ತೀರಾ?" ಎಂದು ಇಸ್ತ್ರಿ ವಕೀಲ ಕೇಳಿದ.

"ಒಪ್ಪೋದೇನು ಬಂತು? ಮೊದಲು ಕಂಡುಹಿಡಿದೋಳೇ ನಾನು! ಹುಟ್ಟಿದ ದಿನ ಎತ್ಕೊಂಡೋಳು ನಾನು. ಎತ್ಕೊಂಡ ತಕ್ಷಣ ಅಂದೆ, ಇದು ಗಂಡು ಕಳೆ ಅಂತ."

ಗಲ್ಲಾಪೆಟ್ಟಿಗೆಯ ಹಿಂದೆ ಗೊಂಬೆ ಗೊಂಬೆ ಎಂದು ಎದೆ ಬಡಿದುಕೊಂಡ ಕೈಗಳನ್ನೇ ಕನ್ನಡಕದಕ್ಕ ನೋಡಿದಳು.

"ಸಾಕು ಅಮ್ಮಾ" ಎಂದ ಇಸ್ತ್ರಿ ವಕೀಲ.

"ಯಾಕೆ ಸಾಕು? ಇನ್ನೂ ಇದೆ ಕೇಳಿ. ಸ್ಕೂಲಿಗೆ ಸೇರ್ಸೋ ಮುಂಚೇನೇ ಫ್ರಾಕು ಹಾಕಿದ್ರೆ ಹರಿದು ಹಾಕೋನು. ಕನ್ನಡಿ ಕಂಡ್ರೆ ಮುಖ ಮುಚ್ಕೊಳ್ಳೋನು. ಮೈನೆರೆದಾಗಂತೂ ಬಚ್ಚಲ ಬಾಗಿಲು ಹಾಕ್ಕೊಂಡು ಕೂತುಬಿಟ್ಟ. ಊಟ ಬಿಟ್ಟ, ಜ್ವರ ಬಂತು. ಆ ಸಂಕಟ ನೋಡೋಕಾಗ್ತಿರ್ಲಿಲ್ಲ."

ಅದರಲ್ಲಿ ಅರ್ಧ ಸುಳ್ಳಲ್ಲ. ಅದೇ ಕನ್ನಡಕದಕ್ಕನಿಗೆ ಚುಚ್ಚಿದ್ದು. ಹರಿದ ಫ್ರಾಕನ್ನು ಹೊಲಿದವಳು ಅವಳು. ಬಚ್ಚಲ ಬಾಗಿಲು ಬಡಿದು ಬೈದವಳೂ ಅವಳೇ. ಈ ಬಾಯಿಬಡುಕಿಗೆ ಕಂಡದ್ದು, ದಿನವಿಡೀ ಊರ ಕಣ್ಣು ಸರಿಮಾಡುವ ತನಗೆ ಕಂಡಿರಲಿಲ್ಲ. ಕಂಡೂ ಆಗ ಪಕಪಕ ನಕ್ಕಿದ್ದ ಈ ಹೆಂಗಸು ಈಗ ಅದನ್ನೇ ತಮ್ಮನ ಹಣ ಉಳಿಸಲು ಬಿಚ್ಚಿ ಹರವುತ್ತಿದ್ದಳು. ಪುಟ್ಟ ತಲೆ ತಗ್ಗಿಸಿ ತನ್ನ ಉಗುರಿನೊಳಗಿನ ಗ್ರೀಸು ಕೆರೆಯುತ್ತಿದ್ದ.

ಕನ್ನಡಕದಕ್ಕನ ಸರದಿ ಬಂತು. ಕೆಮ್ಮಿನ ವಕೀಲರು ಕಣ್ಣಲ್ಲೇ ಸನ್ನೆ ಮಾಡಿ ಕೇಳಿದರು. "ಅಮ್ಮಾ, ಇಲ್ಲಿ ಕೂತಿರುವವರು ನಿಮಗೆ ಏನಾಗಬೇಕು?"

ಬಾಯಿ ತೆರೆದಳು. ಅಷ್ಟು ದಿನ ಅರೆದು ಅರೆದು ಹದ ಮಾಡಿಟ್ಟಿದ್ದ ಮಾತು ಗಂಟಲಿನಲ್ಲಿತ್ತು.

"ಮಗ" ಅಂದಳು.

ವಕೀಲರು ಕೆಮ್ಮತೊಡಗಿದರು. ಈ ಸಲದ್ದು ನಿಜವಾದ ಕೆಮ್ಮು. "ಅಂದರೆ... ದಾಖಲೆಯ ಪ್ರಕಾರ..."

"ದಾಖಲೆ ಹೆತ್ತಿಲ್ಲ, ನಾನು ಹೆತ್ತಿದ್ದು. ಮಗ."

"ಹಾಗಾದರೆ ಇದರಲ್ಲಿ ತಕರಾರೇ ಇಲ್ಲ" ಎಂದರು ಜಡ್ಜ್ ಮೇಡಂ. ಅವರ ದನಿಯಲ್ಲಿ ಬಹುವಚನದಿಂದ ಬಿಡುಗಡೆಯಾದ ನೆಮ್ಮದಿಯಿತ್ತು. "ಜೀವನಾಂಶ ಈ ತಿಂಗಳಿಂದ ನಿಲ್ಲುತ್ತದೆ." ಸಾಹುಕಾರ ಮೈಯೆಲ್ಲ ಹಗುರಾಗಿ ಕುರ್ಚಿಗೆ ಒರಗಿದ.

ಕೆಮ್ಮಿನ ವಕೀಲರು ಮುಖ ಮುಚ್ಚಿಕೊಳ್ಳಲು ಹಳೆಯ ಆದೇಶದ ಪ್ರತಿಯನ್ನು ಎತ್ತಿ ಹಿಡಿದಿದ್ದರು. ಮುಖದೆದುರಿಗೇ ಇದ್ದುದರಿಂದ ಓದಿದರು. ಎರಡನೆಯ ಸಲ ಓದಿದರು. ಜೀವನಾಂಶದ ಸಾಲಿನಲ್ಲಿ 'ಮಗಳು' ಎಂದಿತ್ತು, ಚಿಕಿತ್ಸೆಯ ಸಾಲಿನಲ್ಲಿ ಬರೀ 'ಮಗು', 'ಚಿಕ್ಕಂದಿನಲ್ಲಿ ಶುರುವಾದ ತೊಂದರೆ' ಎಂದಿತ್ತು. ಕೆಮ್ಮು ಗಕ್ಕನೆ ನಿಂತಿತು.

"ಮೇಡಂ, ಹುಡುಗನ ಅತ್ತೆಯವರಿಗೆ ಒಂದೇ ಒಂದು ಪ್ರಶ್ನೆ. ಅಮ್ಮಾ, ಹುಡುಗನಿಗೆ ಈ ಸಂಕಟ ಶುರುವಾದದ್ದು ದೊಡ್ಡವನಾದ ಮೇಲೆ ಅಲ್ಲವೇ? ಈಚೆಗೆ ತಾನೆ?"

ಇಸ್ತ್ರಿ ವಕೀಲನಿಗೆ ವಾಸನೆ ಬಡಿಯಿತು. "ಮೇಡಂ, ಸಾಕ್ಷಿಗೆ ವಯಸ್ಸಾಗಿದೆ, ನೆನಪು ಅಷ್ಟಾಗಿ..."

"ಯಾರಿಗ್ರೀ ವಯಸ್ಸಾಗಿರೋದು?" ದೊಡ್ಡತ್ತೆ ಸಿಡಿದೆದ್ದಳು. "ನನ್ನ ನೆನಪು ಕಬ್ಬಿಣ! ಈಚೆಗಂತೆ! ಹುಟ್ಟಿದಾಗಿನಿಂದಲೇ ಅಂತ ಬಡ್ಕೋತಿದೀನಿ, ಕಿವಿ ಕೇಳ್ಸಲ್ವಾ ಇವ್ರಿಗೆ? ಬರ್ಕೊಳ್ಳಿ! ಹುಟ್ಟಿದಾಗಿನಿಂದಲೇ!"

"ಅಕ್ಕಾ!" ಎಂದ ಸಾಹುಕಾರ.

"ನೀನು ಸುಮ್ನಿರು. ನಿಂಗೆ ನಿನ್ನ ನಲ್ಲಿ ಬಿಟ್ರೆ ಏನು ಗೊತ್ತು?"

ಬರೆದುಕೊಂಡರು. ಚಿಕ್ಕಂದಿನಲ್ಲೇ ಶುರುವಾದ ತೊಂದರೆಯೆಂದು ತಂದೆಯ ಕಡೆಯ ಸಾಕ್ಷಿಯೇ ಪ್ರಮಾಣ ಮಾಡಿ ಹೇಳಿದ ಮೇಲೆ ಉಳಿದದ್ದೇನು? ಡಾಕ್ಟರ ಅಭಿಪ್ರಾಯವನ್ನೂ ಓದಿ ಜಡ್ಜ್ ಮೇಡಂ ತೀರ್ಪು ಕೊಟ್ಟರು. ಮಗನಿಗೆ ಜೀವನಾಂಶವಿಲ್ಲ. ಮಗನ ಚಿಕಿತ್ಸೆಯ ಅರ್ಧ ಖರ್ಚು ತಂದೆಯದು.

ಮೊಗಸಾಲೆಗೆ ಬಂದದ್ದೇ ಸಾಹುಕಾರ ಗುಡುಗಿದ. "ಅವಳ ಆಪರೇಷನ್ನಿಗೆ ನಾನ್ಯಾಕೆ..."

"ಅವನ" ಎಂದು ಇಸ್ತ್ರಿ ವಕೀಲ ಅವನ ಬಾಯಿಗೆ ಕೈ ಅಡ್ಡ ಇಟ್ಟ. "ಅವನ ಅನ್ನಿ ಸಾರ್. 'ಅವಳ' ಅಂತ ನಾಲ್ಕು ಜನರೆದುರು ಅಂದ್ರೆ ತಿಂಗಳ ದುಡ್ಡು ಮತ್ತೆ ಶುರು. ಅದು ಶುರುವಾಗಬಾರದು ಅಂದ್ರೆ ಇವನು ನಿಮಗೆ ಸಾಯೋವರೆಗೂ ಮಗ."

ಸಾಹುಕಾರ ಇಂಗು ತಿಂದ ಮಂಗನಂತೆ ನಿಂತ. ಪುಟ್ಟ ಅವನ ಮುಂದೆ ಹಾದು, ನಿಂತು, "ಬರ್ತೀನಪ್ಪಾ" ಅಂದ. ಬೆಂಚಿನವರೆಲ್ಲ ನೋಡುತ್ತಿದ್ದರು. "ಹೂಂ, ಹೋಗ್ಬಾರೋ" ಎಂದು ಸಾಹುಕಾರ ಹಲ್ಲು ಕಚ್ಚಿಕೊಂಡು ಹೇಳಿದ.

ಬಸ್ ಸ್ಟಾಪಿನಲ್ಲಿ ಅಮ್ಮನ ಮೇಲೆ ಪುಟ್ಟ ರೇಗಿದ. "ಹೇಳ್ಬೇಕಿತ್ತು ಕಣಮ್ಮ. ದೊಡ್ಡತ್ತೆ ಬಾಯಿ ಬಡಾಯಿಯಿಂದ ಬಚಾವಾದ್ವಿ. ಇಲ್ದಿದ್ರೆ ಎಲ್ಲಾ ಹೋಗ್ತಿತ್ತು."

"ನಾಲಿಗೆ ಏಳ್ಲಿಲ್ಲ ಕಣೋ."

"ಇನ್ನರ್ಧಕ್ಕೆ ಏನ್ಮಾಡ್ತೀಯ?"

"ನೋಡೋಣ."

ನೋಡಿದ್ದು ಇಷ್ಟೇ. ಭಾನುವಾರವೂ ಅಂಗಡಿಗೆ ಹೋಗುತ್ತೇನೆಂದು ಒಪ್ಪಿ ಮಾಲೀಕನಿಂದ ಮುಂಗಡ ತಂದಳು. ಪುಟ್ಟ ತನ್ನ ಬೈಕು ಮಾರಿದ. ಮುಂದಿನ ಚಳಿಗಾಲದಲ್ಲಿ ಆಪರೇಷನ್ನಿಗೆ ದಿನ ಸಿಕ್ಕಿತು.

ಕೊಡುವ ಹಣ ಎಲ್ಲಿ ಹೋಗುತ್ತದೆಂದು ಕಣ್ಣಾರೆ ಕಾಣದೆ ಸಾಹುಕಾರನ ಜೀವಕ್ಕೆ ಸಮಾಧಾನವಿಲ್ಲ. ಅಂದು ಬೆಳಿಗ್ಗೆಯೇ ಅಕ್ಕನ ಸಮೇತ ಆಸ್ಪತ್ರೆಗೆ ಬಂದ. ಬಿಲ್ಲಿನ ಕೌಂಟರಿನಲ್ಲಿ, "ನಾನು ಹುಡುಗನ ತಂದೆ ಕಣ್ರೀ! ಅರ್ಧ ಕೊಡೋನು! ರೂಮಿನ ಬಾಡಿಗೆ ಇಷ್ಟ್ಯಾಕೆ? ನನ್ನ ಮಗನಿಗೆ ವಾರ್ಡು ಸಾಕು, ಅವನು ತುಂಬಾ ಸರಳ" ಎಂದು ಚೌಕಾಸಿಗೆ ನಿಂತ. ದೊಡ್ಡತ್ತೆ ನರ್ಸುಗಳನ್ನು ಒಬ್ಬೊಬ್ಬರನ್ನಾಗಿ ಹಿಡಿದು, "ಮೊದಲು ಕಂಡುಹಿಡಿದೋಳು ನಾನು" ಎಂದು ಕಥೆ ಹೇಳುತ್ತಿದ್ದಳು.

ಕನ್ನಡಕದಕ್ಕ ಒಳಗೆ ಮಂಚದ ಪಕ್ಕ ಕೂತಿದ್ದಳು. ಪುಟ್ಟನ ಎದೆಗೆ ಪಟ್ಟಿ ಸುತ್ತಿತ್ತು. ಬಿಳಿ ಹೊದಿಕೆಯ ಕೆಳಗೆ ಅದು ಚಪ್ಪಟೆಯಾಗಿ, ಸಾವಕಾಶವಾಗಿ ಏರಿ ಇಳಿಯುತ್ತಿತ್ತು. ಅವನು ಕಣ್ಣು ಬಿಟ್ಟಾಗ ಕಿಟಕಿಯ ಬಿಸಿಲು ಮಂಚಕ್ಕೆ ಬಂದಿತ್ತು.

"ಹೊರಗೆ ಯಾರಮ್ಮ ಗಲಾಟೆ?"

"ನಿಮ್ಮಪ್ಪ. ಅರ್ಧ ಖರ್ಚು ಕೊಡ್ತಿರೋದ್ರಿಂದ ಡಿಸ್ಕೌಂಟ್ ಕೇಳ್ತಿದಾರೆ. ಆಗ್ಲೇ ಬಚ್ಚಲಿಗೆ ಹೋಗಿ ಬಂದು, ಇವರ ಫಿಟಿಂಗ್ಸ್ ಎಲ್ಲಾ ಕಳಪೆ, ನನ್ನ ಹತ್ರ ತಗೊಂಡ್ರೆ ಬಿಲ್ಲಲ್ಲಿ ವಜಾ ಮಾಡ್ಕೋತೀರಾ ಅಂತ ಡಾಕ್ಟರನ್ನ ಕೇಳಿದ್ರಂತೆ."

ಪುಟ್ಟನ ತುಟಿ ಅದುರಿತು. "ಡಾಕ್ಟರು ಏನಂದ್ರಂತೆ?"

"ಮಗನ್ನ ನೋಡಿದ್ರಾ ಅಂತ ಕೇಳಿದ್ರಂತೆ. ಇನ್ನೂ ಇಲ್ಲ, ಮೊದ್ಲು ರೇಟು ಮಾತಾಡೋಣ ಅಂದ್ರಂತೆ."

ಅವನಿಗೆ ನಗು ತಡೆಯಲಾಗಲಿಲ್ಲ. ಹೊಲಿಗೆ ಎಳೆದು, ಎರಡೂ ಕೈಯಲ್ಲಿ ಪಟ್ಟಿ ಒತ್ತಿ ಹಿಡಿದು, "ಅಯ್ಯೋ... ನಗಿಸ್ಬೇಡಮ್ಮಾ, ನೋಯುತ್ತೆ" ಎಂದು ನಕ್ಕ. ಕಣ್ಣಲ್ಲಿ ನೀರು ಬಂತು.

"ಸುಮ್ನೆ ಮಲ್ಕೊಳ್ಳೋ" ಎಂದು ಬೈಯುತ್ತ ಅವಳು ಎದ್ದು ಹೋಗಿ ಬಾಗಿಲು ಹಾಕಿಕೊಂಡು ಬಂದಳು.